ಹತ್ತು ನಿಮಿಷದ ಅಧಿಕಾರಿ

ಮೇಜಿನ ಕೆಳಗೆ ನುಗ್ಗಿದಾಗ ಅವನೊಬ್ಬ ಹಂಗಾಮಿ ಗುಮಾಸ್ತ. ಮೇಲೆದ್ದು ಬಂದಾಗ ಮಾಹಿತಿ ಭದ್ರತಾಧಿಕಾರಿ. ನಡುವೆ ಕಳೆದದ್ದು ಹೆಚ್ಚೆಂದರೆ ಮೂರು ನಿಮಿಷ. ಅಷ್ಟರಲ್ಲಿ ಅವನು ಮಾಡಿದ ಮಹತ್ಸಾಧನೆಯೆಂದರೆ ಪ್ರಿಂಟರಿನ ವೈರನ್ನು ಬಿಚ್ಚಿ ಮತ್ತೆ ಅದೇ ತೂತಿಗೆ ಸಿಕ್ಕಿಸಿದ್ದು.

ಆ ಮೂರು ನಿಮಿಷದಲ್ಲಿ ಮೇಜಿನ ಮೇಲ್ಗಡೆ ನಡೆದದ್ದು ಇಷ್ಟು. ನಲವತ್ತು ಹಾಸಿಗೆಯ ಆ ಆಸ್ಪತ್ರೆಯ ಒಡೆಯರಾದ ದೊಡ್ಡ ಡಾಕ್ಟರು ಸರ್ಕಾರದ ಹೊಸ ಆದೇಶವನ್ನು ಓದಿ ಹೇಳಿದರು: ಕಂಪ್ಯೂಟರ್ ಕಳ್ಳರು ಆಸ್ಪತ್ರೆಗಳಿಗೆ ಕನ್ನ ಹಾಕಿ ರೋಗಿಗಳ ಗುಟ್ಟುಗಳನ್ನು ಕದಿಯುತ್ತಿದ್ದಾರೆ. ಆದ್ದರಿಂದ ಇನ್ನು ಮೇಲೆ ಪ್ರತಿ ಆಸ್ಪತ್ರೆಯೂ ಒಬ್ಬ ಭದ್ರತಾಧಿಕಾರಿಯನ್ನು ನೇಮಿಸಬೇಕು, ಒಂದು ಭದ್ರತಾ ಸಂಹಿತೆಯನ್ನು ಬರೆದು ಕಳಿಸಬೇಕು, ತಪಾಸಣೆಗೆ ಬಂದವರ ಮುಂದೆ ಪಾಸಾಗಬೇಕು. "ಯಾರು ಆಗ್ತೀರಿ?" ಎಂದು ಅವರು ಕೇಳಿದ್ದೇ ತಡ, ಮೂಳೆ ಡಾಕ್ಟರು ಫ್ಯಾನು ನೋಡಿದರು. ಮುಖ್ಯ ನರ್ಸು ನೆಲ ನೋಡಿದರು. ಔಷಧಿ ಕೌಂಟರಿನವರು ಬಾರದ ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ನಡೆದರು. ಸರಿಯಾಗಿ ಆಗಲೇ ಮೇಜಿನ ಕೆಳಗಿನಿಂದ ಧೂಳು ಹಿಡಿದ ತಲೆಯೊಂದು ಉದಯಿಸಿತು. (ಲೋಕದಲ್ಲಿ ಎಷ್ಟೋ ಪಟ್ಟಾಭಿಷೇಕಗಳು ಹೀಗೇ ಆಗಿವೆಯಂತೆ. ಯಾವ ತಲೆ ಮೇಲಿದೆಯೋ ಅದಕ್ಕೆ ಕಿರೀಟ.)

"ತಪಾಸಣೆ ಪಾಸ್ ಮಾಡಿಸಪ್ಪ. ಅವತ್ತೇ ನಿನಗೆ ಕಾಯಂ ಆರ್ಡರ್," ಎಂದರು ದೊಡ್ಡ ಡಾಕ್ಟರು.

ಕಾಯಂ! ಆ ಎರಡಕ್ಷರ ಕೇಳಿ ಅವನಿಗೆ ಮೈಯೆಲ್ಲ ಜುಮ್ಮೆಂದಿತು. ನಾಲ್ಕು ವರ್ಷದಿಂದ ಅವನ ನೌಕರಿ ಮೂರು ಮೂರು ತಿಂಗಳಿಗೊಮ್ಮೆ ನವೀಕರಣವಾಗಿ ಜೀವ ಹಿಡಿಯುತ್ತಿತ್ತು. ಅಂಥವನನ್ನು ನಂಬಿ ಮನೆ ಬಾಡಿಗೆಗೆ ಕೊಡುವವರು ಯಾರು? ಹಾಗಾಗಿ ಮದುವೆಯಾದ ಎರಡು ವರ್ಷದಿಂದಲೂ ಅವನು ಅತ್ತೆಯ ಮನೆಯಲ್ಲೇ ವಾಸ. ಬೀದಿಗೆಲ್ಲ ಅವನು 'ರೆಕಾರ್ಡಮ್ಮನ ಅಳಿಯ'. ಹಾಲಿನವನೂ ಅಳಿಯ ಅನ್ನುತ್ತಿದ್ದ, ಪೇಪರಿನವನೂ ಅಳಿಯ ಅನ್ನುತ್ತಿದ್ದ. ಪಕ್ಕದ ಮನೆಯ ನಾಯಿ ಕೂಡ ಅವನನ್ನು ಕಂಡು ಬೊಗಳುವ ಮುನ್ನ ಒಮ್ಮೆ ಅತ್ತೆಯ ಮುಖ ನೋಡುತ್ತಿತ್ತು.

ರೆಕಾರ್ಡಮ್ಮ ಎಂದರೆ ಅದೇ ಆಸ್ಪತ್ರೆಯ ದಾಖಲೆ ಕೋಣೆಯನ್ನು ಮೂವತ್ತೊಂದು ವರ್ಷ ಆಳಿದವರು. ಕಂಪ್ಯೂಟರ್ ಬಂದ ವರ್ಷ ಅವರು ನಿವೃತ್ತರಾದರು. ಕಡತಗಳನ್ನು ಕಂಪ್ಯೂಟರಿಗೆ ತುಂಬಲು ಬಂದ ಹುಡುಗನನ್ನು ಎಂಟು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ತೂಗಿ ನೋಡಿ, ಮೊದಲು ಕಡತಗಳನ್ನೂ, ಮುಂದಿನ ವರ್ಷ ಮಗಳನ್ನೂ ಹಸ್ತಾಂತರಿಸಿದರು. ಮದುವೆಗೆ ಮೊದಲು ಅವನನ್ನು ಏಕವಚನದಲ್ಲಿ ಬೈಯುತ್ತಿದ್ದರು. ಅಳಿಯನಾದ ಮೇಲೆ ಮರ್ಯಾದೆ ಕೊಟ್ಟು ಬಹುವಚನದಲ್ಲಿ ಬೈಯತೊಡಗಿದರು.

ಅಂದು ಸಂಜೆ ಅಳಿಯ ಎದೆಯುಬ್ಬಿಸಿಕೊಂಡು ಮನೆಗೆ ಬಂದು ಸುದ್ದಿ ಬಿಚ್ಚಿದ.

"ಭದ್ರತಾಧಿಕಾರಿ ಅಂದ್ರೆ ಏನ್ರೀ ಕೆಲಸ?" ಹೆಂಡತಿ ಕೇಳಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವವಳು. 'ಈಗ ದೊಡ್ಡದಾಗಿ ಕಾಣುತ್ತಾ, ಚಿಕ್ಕದಾಗಿ ಕಾಣುತ್ತಾ' ಎಂದು ದಿನವಿಡೀ ಕೇಳಿ ಕೇಳಿ, ಯಾವುದು ನಿಜಕ್ಕೂ ಎಷ್ಟು ದೊಡ್ಡದು ಎಂಬ ಅಂದಾಜು ಅವಳಿಗೆ ಚೆನ್ನಾಗಿತ್ತು.

"ಇಡೀ ಆಸ್ಪತ್ರೆ ಗುಟ್ಟು ಇನ್ಮೇಲೆ ನನ್ನ ಕೈಯಲ್ಲಿ ಕಣೇ!"

"ಮನೆ ಬೀಗದ ಕೈ ಯಾರ ಕೈಯಲ್ಲಿದೆ?"

ಅಧಿಕಾರಿಗಳು ಜೇಬು ತಡಕಿದರು. ಬೀಗದ ಕೈ ಆಸ್ಪತ್ರೆಯ ಪ್ರಿಂಟರಿನ ಮೇಲೆ ಉಳಿದಿತ್ತು.

"ಇರಲಿ ಬಿಡೇ," ಎಂದರು ಒಳಗಿನಿಂದ ಅತ್ತೆ. "ಗುಟ್ಟು ಬೇರೆ, ಬೀಗ ಬೇರೆ. ಅಳಿಯಂದ್ರು ಒಂದೊಂದೇ ಕಲೀಲಿ."

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಅಳಿಯನಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆಯೂ ಇರಲಿಲ್ಲ. ಆಸ್ಪತ್ರೆಯಲ್ಲಿ ಜಾರಿಯಾಗಬೇಕಾದ ನಿಯಮಗಳನ್ನು ಅಭ್ಯಾಸಕ್ಕೆಂದು ಮೊದಲು ಮನೆಯಲ್ಲೇ ಜಾರಿಗೆ ತಂದ. ಬಾಗಿಲು ತಟ್ಟಿದವರಿಗೆ ಎರಡು ಹಂತದ ಪರಿಶೀಲನೆ ಬಂತು: ಮೊದಲು ದನಿ ಕೇಳಿಸಬೇಕು, ಆಮೇಲೆ ಕಿಟಕಿಯಲ್ಲಿ ಮುಖ ತೋರಿಸಬೇಕು. (ಹೆಂಡತಿ ಒಮ್ಮೆ ಎರಡೂ ಕೈಯಲ್ಲಿ ಸಾಮಾನು ಹಿಡಿದು ಕಿಟಕಿಯಲ್ಲಿ ತೋರಿಸಿದ ಮುಖವನ್ನು ಅವನು ಇನ್ನೂ ಮರೆತಿಲ್ಲ.) ಟಿವಿಗೆ ಪಾಸ್‌ವರ್ಡ್ ಬಂತು. ಅದರಲ್ಲಿ ಹನ್ನೆರಡು ಅಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕು. ವಾರಕ್ಕೊಮ್ಮೆ ಬದಲಾಗಲೇಬೇಕು.

ಒಂದು ಮಧ್ಯಾಹ್ನ ಅತ್ತೆಯ ಧಾರಾವಾಹಿಯಲ್ಲಿ ನಾದಿನಿಯು ವಿಷದ ಲೋಟ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಪರದೆ ಕಪ್ಪಾಯಿತು. ಆಸ್ಪತ್ರೆಗೆ ಫೋನು ಹೋಯಿತು.

"ಪಾಸ್‌ವರ್ಡ್ ಏನು ಹೇಳಿ ಬೇಗ. ಅವಳು ಮೇಲೆ ಹೋಗ್ಬಿಟ್ಲು."

"ಫೋನಲ್ಲಿ ಹೇಳೋ ಹಾಗಿಲ್ಲ ಅತ್ತೆ. ನಿಯಮ ಒಂಬತ್ತು."

"ಹಾಗಾದ್ರೆ ನಿಯಮ ಒಂಬತ್ತನ್ನೂ ಕರ್ಕೊಂಡು ನೀವೇ ಬನ್ನಿ!"

ಅಳಿಯ ಓಡಿದ. ಆಸ್ಪತ್ರೆಯ ಹಿಂದಿನ ಗೇಟು, ಲಾಂಡ್ರಿಯ ಸಂದಿ, ಒಂದು ತಿರುವು, ಮನೆ. ಎಲ್ಲ ಸೇರಿ ಏಳು ನಿಮಿಷ. ಏದುಸಿರು ಬಿಡುತ್ತಾ ಹನ್ನೆರಡು ಅಕ್ಷರ ಒತ್ತಿದ. ಅಷ್ಟರಲ್ಲಿ ವಿಷ ಕುಡಿಯಬೇಕಾದವರು ಕುಡಿದಾಗಿತ್ತು. ಅತ್ತೆ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಆದರೆ ಅಳಿಯನ ಮನಸ್ಸಿನಲ್ಲಿ 'ಏಳು ನಿಮಿಷ' ಎಂಬುದು ಪದಕದಂತೆ ತೂಗಿತು.

ಆ ಪದಕವೇ ಮುಂದೆ ಕುತ್ತಿಗೆಗೆ ಉರುಳಾದದ್ದು.

ಭದ್ರತಾ ಸಂಹಿತೆ ಎಂದರೆ ಸರ್ಕಾರ ಕಳಿಸಿದ ನಲವತ್ತು ಪುಟದ ನಮೂನೆ. ಅದರ ತುಂಬ ಬಿಟ್ಟ ಸ್ಥಳಗಳು. ಯಾವುದನ್ನು ಹೇಗೆ ಮಾಡುತ್ತೀರಿ ಎಂದು ಆಸ್ಪತ್ರೆಯವರೇ ತುಂಬಬೇಕು. ಅಳಿಯ ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕೂತ.

"'ಅವಘಡ ಸಂಭವಿಸಿದಲ್ಲಿ ಭದ್ರತಾಧಿಕಾರಿಯು ಎಷ್ಟು ಸಮಯದೊಳಗೆ ಮನೆಯಿಂದ ಸ್ಥಳಕ್ಕೆ ತಲುಪುವರು?'" ಎಂದು ಗಟ್ಟಿಯಾಗಿ ಓದಿದ. "ಹತ್ತು ನಿಮಿಷ ಅಂತ ಬರೀಲಾ?"

"ಕೆಳಗೆ ಚಿಕ್ಕಕ್ಷರದಲ್ಲಿ ಏನೋ ಇದೆ ನೋಡಿ," ಎಂದಳು ಹೆಂಡತಿ. ಚಿಕ್ಕಕ್ಷರ ಅವಳ ಕಣ್ಣು ತಪ್ಪುವುದುಂಟೇ? "'ಯುಕ್ತ ಸಮಯದೊಳಗೆ ಎಂದು ಬರೆದರೂ ಸಾಕು.' ಅದನ್ನೇ ಬರ್ದು ಕೈ ತೊಳ್ಕೊಳ್ರೀ."

"ಯುಕ್ತ ಸಮಯ ಅಂತ ಎಲ್ಲರೂ ಬರೀತಾರೆ. ಅಧಿಕಾರಿಗಳ ಕಣ್ಣಿಗೆ ಬೀಳೋದು ಬೇಡ್ವಾ ನಾವು?"

"ಬೀಳೋದಂತೂ ಖಂಡಿತ ಬೀಳ್ತೀರಿ," ಎಂದು ಅವಳು ಮಲಗಲು ಹೋದಳು.

ಅಳಿಯ ಬರೆದ: ಹತ್ತು ನಿಮಿಷ. ಮೂವತ್ತೊಂದನೇ ಪುಟದಲ್ಲಿ ಇನ್ನೊಂದು ಪ್ರಶ್ನೆ: ಕಂಪ್ಯೂಟರುಗಳು ಸ್ಥಗಿತಗೊಂಡಲ್ಲಿ ಆಸ್ಪತ್ರೆ ಹೇಗೆ ನಡೆಯುವುದು? ಕಂಪ್ಯೂಟರ್ ನಿಂತ ದಿನ ಆ ಆಸ್ಪತ್ರೆ ನಡೆಯುತ್ತಲೇ ಇರಲಿಲ್ಲ. ಎಲ್ಲರೂ ಅಳಿಯನ ಸುತ್ತ ನಿಂತು ಒಂದೊಂದು ಸಲಹೆ ಕೊಡುತ್ತಿದ್ದರು. ಆದರೆ ಬಿಟ್ಟ ಸ್ಥಳದಲ್ಲಿ ಅದನ್ನು ಬರೆಯಲಾದೀತೇ? 'ಕೈಬರಹದ ಪರ್ಯಾಯ ವ್ಯವಸ್ಥೆಯು ಅನುಭವಿ ದಾಖಲೆ ಪಾಲಕರ ನೇತೃತ್ವದಲ್ಲಿ ಸದಾ ಸನ್ನದ್ಧ' ಎಂದು ಬರೆದು, ಸ್ವತಃ ಓದಿಕೊಂಡು, ಸ್ವತಃ ರೋಮಾಂಚಿತನಾದ. ಮರುದಿನ ದೊಡ್ಡ ಡಾಕ್ಟರು ಓದದೆ ಸಹಿ ಹಾಕಿದರು. (ಡಾಕ್ಟರು ಬರೆದದ್ದನ್ನು ಊರು ಓದುವುದಿಲ್ಲ, ಊರು ಬರೆದದ್ದನ್ನು ಡಾಕ್ಟರು ಓದುವುದಿಲ್ಲ. ಲೆಕ್ಕ ಸರಿಹೋಯಿತು.)

ಸಂಹಿತೆ ಹೋಯಿತು. ಒಪ್ಪಿಗೆಯಾಗಿ ಬಂತು. ತಪಾಸಣೆಯ ದಿನ ನಿಗದಿಯಾಯಿತು. ಕಾಯಂ ಆದಂತೆಯೇ ಎಂದುಕೊಂಡ ಅಳಿಯ ಸ್ವಂತ ಬಾಡಿಗೆ ಮನೆಯೊಂದನ್ನು ಹುಡುಕಿಯೇಬಿಟ್ಟ. ಸೇತುವೆಯಾಚೆ, ಮೂರನೇ ಮಹಡಿ, ಎರಡು ಕೋಣೆ, ಕಿಟಕಿ ತೆರೆದರೆ ನೀರಿನ ಟ್ಯಾಂಕು. ಟ್ಯಾಂಕು ಅಷ್ಟೇನೂ ರಮಣೀಯವಲ್ಲ. ಆದರೂ ಅದು ಅವನದೇ ಕಿಟಕಿಯಿಂದ ಕಾಣುವ ಟ್ಯಾಂಕು. ಹೆಂಡತಿಯನ್ನು ಕರೆದೊಯ್ದು ತೋರಿಸಿದ. ಅವಳು ಕಿಟಕಿಯ ಅಗಲವನ್ನು ಗೇಣಿನಲ್ಲಿ ಅಳೆದು, "ಪರದೆ ನೀಲಿ ಬಣ್ಣದ್ದೇ ಇರಲಿ" ಎಂದಳು. ಆ ಒಂದು ಮಾತಿಗೆ ಅವನು ಮೂರು ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಇಳಿದ.

"ಆದ್ರೆ ಅತ್ತೆಗೆ ಹೇಗೆ ಹೇಳೋದು?" ದಾರಿಯಲ್ಲಿ ಅವನು ಕೇಳಿದ. "ಒಬ್ಬರೇ ಆಗ್ತಾರೆ. ಅಳ್ತಾರೇನೋ."

"ನಿಮ್ಮತ್ತೆ, ನೀವೇ ಹೇಳಿ."

"ನಿಮ್ಮಮ್ಮ, ನೀನೇ ಹೇಳು."

ಕೊನೆಗೆ ತಪಾಸಣೆ ಮುಗಿದ ಸಂಜೆ ತಾನೇ ಹೇಳುವುದೆಂದು ತೀರ್ಮಾನಿಸಿ, ಅತ್ತೆಯನ್ನು ಸಂತೈಸುವ ಭಾಷಣವನ್ನು ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡತೊಡಗಿದ. 'ದೂರವಿದ್ದರೂ ಮನಸ್ಸು ಇಲ್ಲೇ ಇರುತ್ತದೆ' ಎಂಬಲ್ಲಿಗೆ ಬಂದಾಗ ಪ್ರತಿ ಸಲವೂ ಅವನ ಕಣ್ಣು ತುಂಬುತ್ತಿತ್ತು. ಅರ್ಧ ಕಾರಣ ಸೋಪು.

ತಪಾಸಣೆಯ ದಿನ ಬಂದವರು ಒಬ್ಬರೇ ಒಬ್ಬ ಹೆಂಗಸು. ಹತ್ತಿ ಸೀರೆ, ಹೆಗಲಿಗೊಂದು ಚೀಲ, ಚೀಲದಲ್ಲಿ ಕಾಫಿಯ ಫ್ಲಾಸ್ಕು. ಸೂಟುಬೂಟಿನ ಪಡೆಯನ್ನು ನಿರೀಕ್ಷಿಸಿದ್ದ ಅಳಿಯ ಅವರನ್ನು ರೋಗಿಯೆಂದುಕೊಂಡು ಟೋಕನ್ ಕೊಟ್ಟ. ಅವರು ಟೋಕನ್ನನ್ನೂ ಇಸಿದುಕೊಂಡು, ಗುರುತಿನ ಚೀಟಿಯನ್ನೂ ತೋರಿಸಿ, ಅವನ ನಲವತ್ತು ಪುಟವನ್ನು ಮೇಜಿನ ಮೇಲಿಟ್ಟರು. ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು.

"ಸರ್ಕಾರದ ನಿಯಮ ಬಹಳ ಸಡಿಲ ಕಣಪ್ಪ," ಎಂದರು ಅವರು ಮೆತ್ತಗೆ. "ನೀವೇನು ಮಾಡ್ತೀವಿ ಅಂತ ಬರ್ದಿದೀರೋ ಅದನ್ನು ಮಾಡ್ತಿದೀರಾ ಅಂತ ನೋಡೋದಷ್ಟೇ ನಮ್ಮ ಕೆಲಸ. ಭಾರಿ ಚೆನ್ನಾಗಿ ಬರ್ದಿದೀಯ. ಪುಟ ಮೂವತ್ತೊಂದು. 'ಸದಾ ಸನ್ನದ್ಧ'. ಎಲ್ಲಿ, ಕಂಪ್ಯೂಟರ್ ಎಲ್ಲ ಆಫ್ ಮಾಡಿಸು ನೋಡೋಣ."

"ಈ... ಈಗಲೇ? ಹೊರಗೆ ಅರವತ್ತು ಜನ ಇದಾರೆ ಮೇಡಂ."

"ಕಳ್ಳರು ಟೋಕನ್ ತಗೊಂಡು ಬರ್ತಾರಾ?"

ಕಂಪ್ಯೂಟರುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಹತ್ತು ನಿಮಿಷದಲ್ಲಿ ಆಸ್ಪತ್ರೆ ಸಂತೆಯಾಯಿತು. ಸ್ವಾಗತ ಕೌಂಟರಿನ ಹುಡುಗಿ "ನಿಮ್ಮ ನಂಬರ್ ಹೇಳಿ" ಅಂದರೆ ಜನ "ಅದು ನಿಮ್ಮ ಕಂಪ್ಯೂಟರಿಗೇ ಗೊತ್ತಿರೋದು" ಅಂದರು. ಮೂಳೆ ಡಾಕ್ಟರ ಮುಂದೆ ಕಿವಿನೋವಿನವರು ಕೂತಿದ್ದರು. ದೊಡ್ಡ ಡಾಕ್ಟರು ಬಾಗಿಲಿನಿಂದ ತಲೆ ಹೊರಹಾಕಿ ಅಳಿಯನ ಕಡೆ ಒಂದು ನೋಟ ಬಿಟ್ಟರು. ಆ ನೋಟದಲ್ಲಿ ಕಾಯಂ ಆರ್ಡರು ಚೂರುಚೂರಾಗಿ ಹಾರಾಡುವುದು ಅವನಿಗೆ ಸ್ಪಷ್ಟವಾಗಿ ಕಂಡಿತು.

ಅವನು ಮೂಲೆಗೆ ಹೋಗಿ ಮನೆಗೆ ಫೋನು ಮಾಡಿದ.

"ಅತ್ತೆ, ಸ್ವಲ್ಪ ಬರ್ತೀರಾ? ಅರ್ಜೆಂಟು."

"ಯಾರು ಕರೀತಿರೋದು? ಅಳಿಯಂದ್ರೋ, ಅಧಿಕಾರಿಗಳೋ?"

"ಅಳಿಯ, ಅತ್ತೆ. ಬರೀ ಅಳಿಯ."

"ಹಾಗಾದ್ರೆ ಬಂದೆ."

ರೆಕಾರ್ಡಮ್ಮ ಬಂದರು. ನಿವೃತ್ತರಾದಾಗಿನಿಂದ ಮುರಿದ ಕುರ್ಚಿಗಳ ಗೋದಾಮಾಗಿದ್ದ ತಮ್ಮ ಕೋಣೆಯ ಬಾಗಿಲು ತೆಗೆಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕುರ್ಚಿಗಳು ಹೊರಗೆ ಬಂದವು. ಕಾರ್ಡಿನ ಮರದ ಡ್ರಾಯರುಗಳು 'ಅಯ್ಯೋ, ಬಂದ್ಯಾ ತಾಯೀ' ಎಂಬಂತೆ ಕಿರ್ರೆಂದವು. ಆಮೇಲೆ ನಡೆದದ್ದನ್ನು ಅಳಿಯ ಬಾಯಿ ತೆರೆದುಕೊಂಡು ನೋಡಿದ. ಅವರು ಯಾರ ಹೆಸರನ್ನೂ ಕೇಳಲಿಲ್ಲ. ಬಂದವರ ಮುಖ ನೋಡುವುದು, ಡ್ರಾಯರು ಎಳೆಯುವುದು, ಕಾರ್ಡು ಕೊಡುವುದು. ಈಚೆಗೆ ಬಂದ ಹೊಸಬರಿಗೆ ಅಲ್ಲೇ ಹೊಸ ಕಾರ್ಡು ಬರೆಯುವುದು. ಬೆಣ್ಣೆಯಿಂದ ಕೂದಲು ತೆಗೆದಂತೆ ಸಾಲು ಕರಗಿತು. ಹಳೆಯ ರೋಗಿಗಳಂತೂ "ರೆಕಾರ್ಡಮ್ಮ ಬಂದ್ರು!" ಎಂದು ಅರ್ಧ ಗುಣವಾದವರಂತೆ ನಕ್ಕರು.

ಮೇಡಂ ಒಂದು ಡ್ರಾಯರಿನೊಳಗೆ ಇಣುಕಿದರು. ಕಾರ್ಡುಗಳ ಮೇಲೆ ಹೆಸರೇ ಇರಲಿಲ್ಲ. 'ಮೂರು ಛತ್ರಿ ಮರೆತವರು.' 'ಹಲ್ಲುಸೆಟ್ಟು ಜೇಬಲ್ಲಿ.' 'ಹೆಂಡತಿ ಉತ್ತರ ಕೊಡ್ತಾರೆ.'

"ಇದೇನಮ್ಮ ಇದು?"

"ಹೆಸರು ಬರೆದ್ರೆ ಯಾರು ಬೇಕಾದ್ರೂ ಓದ್ತಾರೆ. ಇದು ನನಗೆ ಮಾತ್ರ ಗೊತ್ತಾಗತ್ತೆ," ಎಂದರು ಅತ್ತೆ. "ಊರವರ ಕಾಯಿಲೆ ನನ್ನ ಹತ್ರ ಇತ್ತು. ಮೂವತ್ತೊಂದು ವರ್ಷ ನನ್ನ ಮಗಳಿಗೂ ಒಂದು ಅಕ್ಷರ ಹೇಳಿಲ್ಲ."

ಮೇಡಂ ಪೆನ್ಸಿಲ್ ಓಡಿಸಿದರು. ಅವರ ಮುಖದಲ್ಲಿ ಗೌರವ ಕಂಡು ಅಳಿಯನಿಗೆ ಹೋದ ಜೀವ ಬಂತು. ಮೇಡಂ ಕಣ್ಣು ಮುಚ್ಚಿ ಒಂದು ಕಾರ್ಡು ಎಳೆದರು.

"'ಸೂಜಿ ಕಂಡ ಬಲೂನು.' ಇದು ಯಾರು?"

"ಹೇಳಲ್ಲ," ಎಂದರು ಅತ್ತೆ.

"ನಾನು ಸರ್ಕಾರದ ಕಡೆಯವಳು."

"ಸರ್ಕಾರಕ್ಕೆ ಮೈ ಹುಷಾರಿಲ್ದಾಗ ಬರ್ಲಿ, ಅದಕ್ಕೂ ಒಂದು ಕಾರ್ಡು ಬರೀತೀನಿ. ಬೇರೆಯವರ ಕಾರ್ಡು ಹೇಳಲ್ಲ."

ಅಳಿಯನ ಹಣೆ ಬೆವತಿತು. ಎಲ್ಲಾ ಸರಿಹೋಗುವ ಹೊತ್ತಿಗೆ ಇದೇನು ಹಟ! ಅವನು ಗಂಟಲು ಸರಿಪಡಿಸಿಕೊಂಡ. "ಅತ್ತೆ, ತಪಾಸಣೆಗೆ ಸಹಕರಿಸಬೇಕು. ಭದ್ರತಾಧಿಕಾರಿಯಾಗಿ ನಾನು ಹೇಳ್ತಿದೀನಿ, ತೋರಿಸಿ."

"ಬೇಡ ಅಳಿಯಂದ್ರೇ."

"ತೋರಿಸಿ ಅಂದ್ನಲ್ಲ!"

"ಬರೆದು ಕೊಡ್ತೀರಾ?"

"ಓಹೋ, ಬರೆದೇ ಕೊಡ್ತೀನಿ!" ಅವನು ಕಾಗದ ಎಳೆದು, 'ಸದರಿ ಕಾರ್ಡನ್ನು ಬಹಿರಂಗಪಡಿಸಲು ಒಪ್ಪಿಗೆಯಿದೆ' ಎಂದು ಬರೆದು, ಕೆಳಗೆ ತನ್ನ ಸಹಿಯನ್ನು ಬಾಲ ಸಮೇತ ಎಳೆದ. ಅತ್ತೆ ಆ ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾರ್ಡನ್ನು ಮೇಡಂ ಕೈಗೆ ಕೊಟ್ಟು, ಬೆರಳನ್ನು ಅಳಿಯನ ಕಡೆ ತೋರಿಸಿದರು.

ಮೇಡಂ ಓದಿದರು: "'ಹೊಸ ಗುಮಾಸ್ತ. ಸಿಬ್ಬಂದಿಗೆ ಕಡ್ಡಾಯ ಚುಚ್ಚುಮದ್ದು. ಸೂಜಿ ತಾಗುವ ಮೊದಲೇ ಬಿದ್ದ. ನಾಲ್ಕು ಜನ ಎತ್ತಿದರು. ಎಚ್ಚರವಾದಾಗ ನರ್ಸಿನ ಕೈ ಹಿಡಿದು ಅಮ್ಮಾ ಎಂದ.'"

 ಸ್ವಾಗತ ಕೌಂಟರಿನ ಹುಡುಗಿ ಕಿಸಕ್ಕೆಂದಳು. ಮೂಳೆ ಡಾಕ್ಟರು ಗೋಡೆಗೆ ಮುಖ ಮಾಡಿ ಭುಜ ಕುಣಿಸಿದರು.

"ಇದೆಲ್ಲ ಗೊತ್ತಿದ್ದೂ..." ಅಳಿಯ ತೊದಲಿದ.

"ಗೊತ್ತಿದ್ದೇ ಮಗಳನ್ನ ಕೊಟ್ಟಿದ್ದು. ಬಿದ್ದೋರು ಜಂಬ ಮಾಡಲ್ಲ ಅಂದ್ಕೊಂಡಿದ್ದೆ. ಲೆಕ್ಕ ತಪ್ತು."

ಮೇಡಂ ಗಂಭೀರವಾಗಿ ಬರೆದುಕೊಳ್ಳುತ್ತಾ ಹೇಳಿದರು, "ದಾಖಲೆ ಪಾಲಕರು ಮೂರು ಸಲ ನಿರಾಕರಿಸಿದರು. ಭದ್ರತಾಧಿಕಾರಿಯೇ ಗುಟ್ಟು ಬಿಟ್ಟುಕೊಡಿಸಿದರು. ಇದು ದೊಡ್ಡ ಉಲ್ಲಂಘನೆ."  ಅವರು ಪೆನ್ಸಿಲಿನ ತುದಿ ಕಚ್ಚಿದರು. "ಆದರೆ ರೋಗಿಯೇ ಲಿಖಿತ ಒಪ್ಪಿಗೆ ಕೊಟ್ಟಿರೋದರಿಂದ ಉಲ್ಲಂಘನೆ ಆಗಲ್ಲ. ಪುಟ ಮೂವತ್ತೊಂದು ಪಾಸ್."

ಹೀಗೆ ನಲವತ್ತರಲ್ಲಿ ಮೂವತ್ತೊಂಬತ್ತು ಪುಟ ಪಾಸಾದವು. ಮೇಡಂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕೊನೆಯದಾಗಿ ಹನ್ನೆರಡನೇ ಪುಟಕ್ಕೆ ಬಂದರು. ದೊಡ್ಡ ಡಾಕ್ಟರು ಕಾಯಂ ಆರ್ಡರನ್ನು ಆಗಲೇ ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದರು.

"ಹತ್ತು ನಿಮಿಷ! ಇಡೀ ಜಿಲ್ಲೇಲಿ ಯಾರೂ ಬರ್ದಿಲ್ಲ. ಮನೆ ಎಲ್ಲಪ್ಪ?"

"ಇಲ್ಲೇ ಹಿಂದಿನ ಬೀದಿ ಮೇಡಂ. ಏಳೇ ನಿಮಿಷ." ಖುಷಿಯ ಭರದಲ್ಲಿ ನಾಲಿಗೆ ಮುಂದಕ್ಕೂ ಓಡಿತು. "ಒಂದನೇ ತಾರೀಖಿಂದ ಮಾತ್ರ ಸೇತುವೆ ಆಚೆ. ಸ್ವಂತ ಬಾಡಿಗೆ ಮನೆ!"

ಪೆನ್ಸಿಲ್ ನಿಂತಿತು. "ಅಲ್ಲಿಂದ ಎಷ್ಟು ಹೊತ್ತು?"

"ಸೇತುವೆ ಮೇಲೆ ಗಾಡಿ ನಿಲ್ಲದಿದ್ರೆ... ನಲವತ್ತು ನಿಮಿಷ."

"ಹತ್ತು ಅಂತ ಬರ್ದಿದೀಯ."

"ನಲವತ್ತು ಅಂತ ತಿದ್ದಿಬಿಡ್ತೀನಿ ಮೇಡಂ!"

"ತಿದ್ದಬಹುದು. ತಿದ್ದಿದ್ರೆ ಹೊಸ ಅರ್ಜಿ, ಹೊಸ ಸರದಿ. ಮುಂದಿನ ತಪಾಸಣೆ ಹದಿನಾಲ್ಕು ತಿಂಗಳಿಗೆ. ಅಲ್ಲಯ್ಯಾ, ಯುಕ್ತ ಸಮಯ ಅಂತ ಬರೆದ್ರೂ ಸಾಕಿತ್ತಲ್ಲ? ಇರಲಾರದೆ ಇರುವೆ ಬಿಟ್ಕೊಂಡೆಯಲ್ಲ!"

ದೊಡ್ಡ ಡಾಕ್ಟರ ಕೈ ಮೆಲ್ಲಗೆ ಕಾಯಂ ಆರ್ಡರಿನ ಕಡೆ ಸರಿದು, ಅದನ್ನು ಡ್ರಾಯರಿನ ಕಡೆ ಎಳೆಯತೊಡಗಿತು. ಅಳಿಯನ ಕಣ್ಣ ಮುಂದೆ ನೀರಿನ ಟ್ಯಾಂಕು, ನೀಲಿ ಪರದೆ, ಮೂರು ಮಹಡಿಯ ಮೆಟ್ಟಿಲು ಒಂದರ ಹಿಂದೊಂದು ಸುಳಿದವು. ಕಾಯಂ ಇಲ್ಲದೆ ಆ ಮನೆಯಿಲ್ಲ. ಆ ಮನೆಗೆ ಹೋದರೆ ಕಾಯಂ ಇಲ್ಲ. ಆರ್ಡರಿನ ತುದಿ ಡ್ರಾಯರಿನೊಳಗೆ ಇಳಿಯುವಷ್ಟರಲ್ಲಿ ಅವನು ಕೂಗಿದ: "ಹೋಗಲ್ಲ! ಸೇತುವೆ ಆಚೆ ಹೋಗಲ್ಲ. ಇಲ್ಲೇ ಇರ್ತೀನಿ."

"ಹಾಗಂತ ಬರೆಸ್ಕೋಬೇಕು," ಎಂದರು ಮೇಡಂ. "ಆ ಮನೇಲಿ ನೀನು ಮಾಲೀಕನಾ, ಬಾಡಿಗೆದಾರನಾ, ಅತಿಥಿಯಾ?"

"ಅಳಿಯ, ಮೇಡಂ."

"ಅಂಥ ಕಾಲಂ ಇಲ್ಲ. ಅತಿಥಿ ಅಂತಲೇ ಹಾಕ್ತೀನಿ. ನೀನು ಈ ಹುದ್ದೇಲಿ ಇರೋವರೆಗೂ ಆ ಮನೇಲಿ ಇಟ್ಕೊಳ್ತೀವಿ ಅಂತ ಮನೆ ಮಾಲೀಕರು ಸಹಿ ಹಾಕ್ಬೇಕು. ಐದು ಗಂಟೆಗೆ ನನ್ನ ಬಸ್ಸು."

ಅದೇನು ಮಹಾ ಎಂದುಕೊಂಡ ಅಳಿಯ. ಮಗಳು ಅಳಿಯ ಮನೆಬಿಟ್ಟು ಹೋಗುವುದಿಲ್ಲ ಎಂದರೆ ಯಾವ ತಾಯಿಗೆ ಬೇಡ? ಸಂತೈಸುವ ಭಾಷಣ ಉಳಿಯಿತಲ್ಲ ಎಂದು ನಿಟ್ಟುಸಿರಿಟ್ಟು, ದಾಖಲೆ ಕೋಣೆಗೆ ಹೋಗಿ, ಕಾಗದವನ್ನು ಅತ್ತೆಯ ಮುಂದೆ ಇಟ್ಟ.

"ಅತ್ತೆ, ಒಳ್ಳೇ ಸುದ್ದಿ. ನಾವು ಇಲ್ಲೇ ಇರ್ತೀವಿ. ನಿಮ್ಮನ್ನು ಒಬ್ಬರನ್ನೇ ಬಿಟ್ಟು ಎಲ್ಲಿಗೂ ಹೋಗಲ್ಲ. ಇಲ್ಲೊಂದು ಸಹಿ."

ಅತ್ತೆ ಕಾಗದವನ್ನು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. "ಒಂದನೇ ತಾರೀಖು ಹೋಗ್ತೀರಿ ಅಂದಿದ್ಲಲ್ಲ ಮಗಳು?"

"ನಿಮಗೆ... ಗೊತ್ತಿತ್ತಾ?"

"ತಿಂಗಳ ಹಿಂದೆಯೇ ಹೇಳಿದ್ಲು. ಹಾಗಂತ ನಮ್ಮಕ್ಕನಿಗೆ ಮಾತು ಕೊಟ್ಬಿಟ್ಟಿದೀನಿ. ನಿಮ್ಮ ಕೋಣೆಗೆ ಅವಳು ಬರ್ತಾಳೆ. ಇಬ್ಬರೂ ಕೂತು ಪಾಸ್‌ವರ್ಡ್ ಇಲ್ದೆ ಟಿವಿ ನೋಡೋದು ಅಂತ ಆಗಿದೆ." ಕಾಗದವನ್ನು ಬೆರಳ ತುದಿಯಿಂದ ಅವನ ಕಡೆಗೇ ತಳ್ಳಿದರು. "ಯೋಚ್ನೆ ಮಾಡಿ ಹೇಳ್ತೀನಿ."

ಅಳಿಯನಿಗೆ ಭೂಮಿ ಬಾಯ್ಬಿಟ್ಟಂತಾಯಿತು. ಈ ಮನೆಯಿಂದ ಹೊರಗೆ ಹೋಗಲು ಎರಡು ವರ್ಷ ಹೆಣಗಿದವನು, ಒಳಗೆ ಉಳಿಯಲು ನಲವತ್ತು ನಿಮಿಷದಲ್ಲಿ ಕಾಲು ಹಿಡಿಯಬೇಕಾಗಿ ಬಂತು. ಹೆಂಡತಿಗೆ ಫೋನು ಮಾಡಿದ. ಅವಳು ಯಾರದೋ ಒಂದು ಕಣ್ಣು ಮುಚ್ಚಿಸಿ ಅರ್ಧಕ್ಕೇ ಬಿಟ್ಟು ಓಡಿಬಂದಳು. ಸಂಗತಿ ಕೇಳಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಕ್ಕಳು.

"ನಗಬೇಡ ಕಣೇ, ನಿಮ್ಮಮ್ಮನಿಗೆ ಹೇಳು!"

"ನಿಮ್ಮತ್ತೆ, ನೀವೇ ಹೇಳಿ ಅಂದಿದ್ನಲ್ಲ."

"ಅತ್ತೆ, ಟಿವಿ ಪಾಸ್‌ವರ್ಡ್ ತೆಗೆದುಬಿಡ್ತೀನಿ. ಬಾಗಿಲಿನ ಪರಿಶೀಲನೆ ತೆಗೆದುಬಿಡ್ತೀನಿ. ನಿಯಮ ಒಂಬತ್ತು ರದ್ದು!"

"ಅಕ್ಕನಿಗೆ ಕೊಟ್ಟ ಮಾತು?"

"ಅವರೂ ಬರ್ಲಿ. ಕೋಣೆ ಅವರಿಗೇ ಇರಲಿ. ನಾವು ನಡುಮನೇಲಿ ಮಲಗ್ತೀವಿ."

"ನಾವು ಅಂತ ನನ್ನ ಯಾಕೆ ಸೇರಿಸ್ತೀರಿ?" ಎಂದಳು ಹೆಂಡತಿ. "ನಾನು ಅಮ್ಮನ ಜೊತೆ ಮಲಗ್ತೀನಪ್ಪ. ಒಂದನೇ ತಾರೀಖಿಗೆ ಬೇಕಾದ್ರೆ ಆ ನೀಲಿ ಪರದೆ ನಡುಮನೆಗೇ ಹಾಕ್ಕೊಡ್ತೀನಿ."

ನಾಲ್ಕು ಐವತ್ತಕ್ಕೆ ಅತ್ತೆ ಪೆನ್ನು ಕೇಳಿದರು. ಸಹಿ ಹಾಕುವ ಮುನ್ನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ತುಟಿಯಾಡಿಸಿ ಓದಿದರು. ಮೂವತ್ತೊಂದು ವರ್ಷದ ಅಭ್ಯಾಸ, ಓದದೆ ಅವರು ಯಾವುದಕ್ಕೂ ಸಹಿ ಹಾಕಿದವರಲ್ಲ. ಆ ಎರಡು ನಿಮಿಷದಲ್ಲಿ ಅಳಿಯನಿಗೆ ಎರಡು ವರ್ಷ ವಯಸ್ಸಾಯಿತು. ಕೊನೆಗೂ ಸಹಿ ಬಿತ್ತು. ಮೇಡಂ ಬಸ್ಸು ಹಿಡಿದರು. ಅತ್ತೆಯೂ ಹೆಂಡತಿಯೂ ಮುಂದಾಗಿ ಮನೆಗೆ ಹೋದರು. ಕಾಯಂ ಆರ್ಡರು ಅಳಿಯನ ಕೈಗೆ ಬಂತು. ಅವನು ಅದನ್ನು ಎದೆಗೆ ಒತ್ತಿಕೊಂಡು ಹಿಂದಿನ ಗೇಟು, ಲಾಂಡ್ರಿಯ ಸಂದಿ, ತಿರುವು ದಾಟಿ ನಡೆದ. ಹೇಗೂ ಗೆದ್ದೆನಲ್ಲ ಎಂಬ ತೃಪ್ತಿ ನಿಜವಾಗಿಯೂ ಇತ್ತು.

ಮನೆಯ ಮುಂದೆ ಸಾಮಾನಿನ ಗಾಡಿ ನಿಂತಿತ್ತು. ಒಂದನೇ ತಾರೀಖಿನವರೆಗೆ ಕಾಯುವ ಪೈಕಿಯಲ್ಲ ಅತ್ತೆಯ ಅಕ್ಕ. ಎರಡು ಟ್ರಂಕು, ಒಂದು ಮಂಚ, ಒಂದು ಅಲಾರಾಂ ಗಡಿಯಾರದ ಸಮೇತ ಬಂದಿಳಿದು, ಅಳಿಯನ ಹಾಸಿಗೆಯನ್ನು ಸುತ್ತಿ ನಡುಮನೆಯ ಬಾಗಿಲ ಪಕ್ಕ ಇಟ್ಟಾಗಿತ್ತು. ಅವರು ಹೊಸ್ತಿಲಲ್ಲಿ ನಿಂತು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವನೇನೇ ನಿನ್ನ ಅಳಿಯ? ಫೋಟೋದಲ್ಲಿ ಇನ್ನೂ ಸ್ವಲ್ಪ ಎತ್ತರ ಇದ್ದ. ಏಯ್, ಆ ಟ್ರಂಕು ಒಳಗಿಡಪ್ಪ."

ಅಳಿಯ ಟ್ರಂಕಿನ ಒಂದು ಕಿವಿ ಹಿಡಿದ. ಇನ್ನೊಂದು ಕಿವಿಯನ್ನು ಹೆಂಡತಿ ಹಿಡಿದಳು.

"ಬೇಜಾರಾಯ್ತೇನ್ರೀ?" ಎಂದಳು ಮೆಲ್ಲಗೆ.

"ಬೇಜಾರೇನು, ಕಾಯಂ ಆಯ್ತಲ್ಲ," ಎಂದ ಅಳಿಯ. ನಡುಮನೆಯಲ್ಲಿ ಇಬ್ಬರು ಅತ್ತೆಯಂದಿರು ಟಿವಿಯ ಮುಂದೆ ಕುರ್ಚಿ ಎಳೆದುಕೊಂಡು, ಅವನ ಹಾಸಿಗೆಯ ಸುರುಳಿಯ ಮೇಲೆ ಕಾಲು ಚಾಚಿ ಕೂತಿದ್ದರು. ಅವನು ಟ್ರಂಕು ಇಳಿಸಿ, ಅವರು ಕಾಲು ತೆಗೆಯಲಿ ಎಂದು ಯುಕ್ತ ಸಮಯದವರೆಗೆ ಕಾದು ನಿಂತ.